‘ಕೇಳಿದರೆ ಇಲ್ಲದ ಯೋಚನೆ ಬಂದೀತೇ?’: ಕೊಡಗಿನ ತಾಯಿಯೊಬ್ಬರ ಪ್ರಶ್ನೆಗೆ ಮನೋವೈದ್ಯರ ಉತ್ತರ

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆಯ ಒಂದು ಗ್ರಾಮ. ಸಣ್ಣ ಕಾಫಿ ತೋಟವಿದೆ. ಒಬ್ಬನೇ ಮಗ, 16 ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂತೆಂದು ಮಂಗಳೂರಿನಲ್ಲಿ ಹಾಸ್ಟೆಲ್‌ಗೆ ಸೇರಿಸಿ ಪಿಯುಸಿ ಸೈನ್ಸ್ ಓದಿಸುತ್ತಿದ್ದೇವೆ. ದಸರಾ ರಜೆಗೆ ಬಂದವನು ಮೊದಲಿನ ಹಾಗಿಲ್ಲ. ರಾತ್ರಿ ಎರಡು ಗಂಟೆಗೂ ಎದ್ದಿರುತ್ತಾನೆ, ಮಾತಾಡಿಸಿದರೆ ಸಿಡುಕುತ್ತಾನೆ. ಮೇ ತಿಂಗಳವರೆಗೂ ಹಾಕಿ ಹಾಕಿ ಅಂತ ಕುಣಿಯುತ್ತಿದ್ದವನು ಮೊನ್ನೆ ತನ್ನ ಸ್ಟಿಕ್ಕನ್ನು ನನ್ನ ಮೈದುನನ ಮಗನಿಗೆ ಕೊಟ್ಟುಬಿಟ್ಟ. ಫೀಸಿನ ಮಾತು ಬಂದಾಗ ‘ಅವ್ವ, ನಾನಿಲ್ಲದಿದ್ರೆ ನಿಮಗೆ ಇಷ್ಟೆಲ್ಲ ಖರ್ಚೇ ಇರ್ತಿರಲಿಲ್ಲ’ ಅಂದ. ಅವನ ಜೊತೆ ಹೈಸ್ಕೂಲಿನಲ್ಲಿ ಓದಿದ್ದ ಹುಡುಗಿಯೊಬ್ಬಳು ಕಳೆದ ವರ್ಷ ತಾನಾಗಿ ಜೀವ ಕಳೆದುಕೊಂಡಿದ್ದಳು. ನಮ್ಮ ಯಜಮಾನರ ಚಿಕ್ಕಪ್ಪನೂ ಹಾಗೇ ಹೋದವರು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಯಜಮಾನರು ‘ವಯಸ್ಸಿನ ಹುಡುಗಾಟ, ನೀನು ಕೆದಕಬೇಡ, ಇಲ್ಲದ್ದನ್ನು ತಲೆಗೆ ತುಂಬಬೇಡ’ ಅನ್ನುತ್ತಾರೆ. ಮುಂದೆ ಸೇನೆಗೆ ಸೇರುವ ಆಸೆ ಅವನಿಗೆ. ಮನೋವೈದ್ಯರ ಹತ್ತಿರ ಹೋದರೆ ಅದಕ್ಕೆ ಅಡ್ಡಿಯಾಗುತ್ತದೆಯೇ? ಇದು ವಂಶದಲ್ಲಿ ಬರುವುದೇ? ಸೋಮವಾರ ಹಾಸ್ಟೆಲ್‌ಗೆ ವಾಪಸ್ ಕಳಿಸಬೇಕು. ಹಾಕಿ ಸ್ಟಿಕ್ ಹಿಂದಕ್ಕೆ ತರಿಸಲೇ? ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗ ಏನೋ ಮಾಡಿಕೊಂಡಾನು ಎಂಬ ಭಯ ಒಂದು ಕಡೆ, ಅದನ್ನು ಬಾಯಿಬಿಟ್ಟು ಕೇಳಿದರೆ ನಾವೇ ದಾರಿ ತೋರಿಸಿದ ಹಾಗಾದೀತು ಎಂಬ ಭಯ ಇನ್ನೊಂದು ಕಡೆ. ಈ ಎರಡರ ನಡುವೆ ಸಿಕ್ಕಿ ನೀವು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೀರೋ. ಮೊದಲ ಭಯಕ್ಕೆ ಆಧಾರವಿದೆ. ಎರಡನೆಯದಕ್ಕೆ ಇಲ್ಲ.

ಕೇಳಿ. ನೇರವಾಗಿ ಕೇಳಿ. ಕೇಳಿದ್ದರಿಂದ ಯಾರ ತಲೆಗೂ ಸಾಯುವ ಯೋಚನೆ ಹೊಸದಾಗಿ ಬರುವುದಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೈಸ್ಕೂಲ್ ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅರ್ಧದಷ್ಟು ಮಕ್ಕಳನ್ನು ಆತ್ಮಹತ್ಯೆಯ ಯೋಚನೆಯ ಬಗ್ಗೆ ನೇರವಾಗಿ ಕೇಳಿದರು, ಉಳಿದವರನ್ನು ಕೇಳಲಿಲ್ಲ. ಕೇಳಿಸಿಕೊಂಡ ಮಕ್ಕಳಲ್ಲಿ ದುಗುಡವೂ ಹೆಚ್ಚಲಿಲ್ಲ, ಆ ಯೋಚನೆಯೂ ಹೆಚ್ಚಲಿಲ್ಲ. ಆಗಲೇ ಕುಗ್ಗಿಹೋಗಿದ್ದ ಮಕ್ಕಳಿಗಂತೂ ಕೇಳಿದ್ದರಿಂದ ಸ್ವಲ್ಪ ಹಗುರವೇ ಆಗಿತ್ತು.

ಇದನ್ನು ಅಧ್ಯಯನದಲ್ಲಿ ಓದುವ ಮೊದಲೇ ನನಗೆ ಕಲಿಸಿದವನು ಒಬ್ಬ ಹುಡುಗ. ಆಗ ನಾನು ಕೆಲಸಕ್ಕೆ ಸೇರಿದ ಹೊಸದು. ಜುಲೈ ತಿಂಗಳ ಜಡಿಮಳೆ. ತಾಯಿಯ ಜೊತೆ ಬಸ್ಸಿನಲ್ಲಿ ಬಂದಿದ್ದ. ನಾನು ಓದು ಹೇಗಿದೆ, ಊಟ ಸೇರುತ್ತದೆಯೇ, ಬೇಜಾರಾಗುತ್ತದೆಯೇ ಎಂದು ಸುತ್ತಿ ಬಳಸಿ ಕೇಳುತ್ತಿದ್ದೆ. ಅವನು ‘ಹ್ಞೂಂ’, ‘ಇಲ್ಲ’ ಅನ್ನುತ್ತ ಕೈಯಲ್ಲಿದ್ದ ಒದ್ದೆ ಬಸ್ ಟಿಕೆಟ್ಟನ್ನು ಚೂರು ಚೂರಾಗಿ ಹರಿದು ನನ್ನ ಮೇಜಿನ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದ. ಕೊನೆಗೆ, ‘ಸತ್ತುಹೋಗಬೇಕು ಅಂತ ಅನ್ನಿಸುತ್ತದೆಯಾ?’ ಅಂದೆ. ಹರಿಯುವ ಕೈ ನಿಂತಿತು. ‘ಮೂರು ತಿಂಗಳಿಂದ’ ಅಂದ. ಪಕ್ಕದಲ್ಲಿದ್ದ ತಾಯಿಗೆ ಅದು ಗೊತ್ತೇ ಇರಲಿಲ್ಲ. ಮೂರು ತಿಂಗಳು ಆ ಮಾತನ್ನು ಒಬ್ಬನೇ ಹೊತ್ತುಕೊಂಡು ಓಡಾಡಿದ್ದ, ಯಾರೂ ಕೇಳದೆ ಹೋದದ್ದಕ್ಕೆ. ಆಮೇಲೆ ನಾನು ಸುತ್ತಿ ಬಳಸಿ ಕೇಳುವುದನ್ನು ಬಿಟ್ಟೆ.

ಹೇಗೆ ಕೇಳುವುದು? ಮೇಜಿನ ಎದುರು ಕೂರಿಸಿಕೊಂಡು ವಿಚಾರಣೆ ಮಾಡಿದ ಹಾಗೆ ಬೇಡ. ಜೊತೆಯಲ್ಲಿ ತೋಟಕ್ಕೆ ನಡೆಯುವಾಗ, ಜೀಪಿನಲ್ಲಿ ಹೋಗುವಾಗ, ಇಬ್ಬರ ಕಣ್ಣೂ ದಾರಿಯ ಮೇಲಿದ್ದಾಗ ಈ ವಯಸ್ಸಿನವರು ಹೆಚ್ಚು ಮಾತಾಡುತ್ತಾರೆ. ನಿಮ್ಮ ಮನೆಮಾತು ಯಾವುದೋ ಅದರಲ್ಲೇ ಕೇಳಿ. ‘ನೀನು ಮೊನ್ನೆ ಹೇಳಿದ ಮಾತು ನನ್ನ ತಲೆಯಿಂದ ಹೋಗ್ತಾ ಇಲ್ಲ. ತುಂಬ ಕಷ್ಟ ಆದಾಗ ಕೆಲವರಿಗೆ ಸತ್ತುಹೋಗಬೇಕು ಅಂತ ಅನ್ನಿಸುತ್ತೆ. ನಿನಗೂ ಹಾಗೆ ಅನ್ನಿಸ್ತಾ ಇದೆಯಾ?’ ಇಷ್ಟು ಸಾಕು. ‘ಅಂಥ ಹುಚ್ಚು ಯೋಚನೆ ಏನೂ ಇಲ್ಲ ತಾನೇ?’ ಎಂದು ಕೇಳಬೇಡಿ. ಆ ಪ್ರಶ್ನೆಯೊಳಗೇ ‘ಇಲ್ಲ’ ಅನ್ನು ಎಂಬ ಅಪ್ಪಣೆ ಇದೆ.

‘ಹೌದು’ ಅಂದರೆ ನಿಮ್ಮ ಎದೆ ಒಡೆದ ಹಾಗಾಗುತ್ತದೆ, ನನಗೆ ಗೊತ್ತು. ಆದರೂ ಆ ಹೊತ್ತಿನಲ್ಲಿ ‘ನಮ್ಮ ನೆನಪು ಬರಲಿಲ್ಲವಾ’, ‘ಏನು ಕಡಿಮೆ ಮಾಡಿದ್ದೇವೆ ನಿನಗೆ’ ಎಂಬ ಮಾತು ಬೇಡ. ತಾನು ಭಾರ ಎಂದು ಆಗಲೇ ನಂಬಿರುವ ಹುಡುಗನಿಗೆ ಇನ್ನೊಂದು ತಪ್ಪು ಹೊರಿಸಿದ ಹಾಗಾಗುತ್ತದೆ. ‘ಹೇಳಿದೆಯಲ್ಲ, ಒಳ್ಳೇದಾಯ್ತು. ನಾನಿದ್ದೇನೆ’ ಅನ್ನಿ. ಆಮೇಲೆ ಎಷ್ಟು ದಿನದಿಂದ ಈ ಯೋಚನೆ, ಹೇಗೆ ಎಂದು ತೀರ್ಮಾನಿಸಿದ್ದಾನೆಯೇ, ಹಿಂದೆ ಯಾವತ್ತಾದರೂ ಪ್ರಯತ್ನ ಮಾಡಿದ್ದನೇ ಎಂದು ಕೇಳಿ. ಹಿಂದೊಮ್ಮೆ ಪ್ರಯತ್ನಿಸಿದ್ದರೆ ಅದು ಎಲ್ಲಕ್ಕಿಂತ ದೊಡ್ಡ ಅಪಾಯದ ಗುರುತು. ಯೋಜನೆ ಇದೆ ಎಂದರೆ ಅವನನ್ನು ಒಂಟಿಯಾಗಿ ಬಿಡದೆ, ರಾತ್ರಿಯಾದರೂ ಸರಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕೊಡಗಿನಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಯೂನಿಫಾರ್ಮ್ ಹಾಕಿದವರ ಫೋಟೋ ಗೋಡೆಯ ಮೇಲಿರುತ್ತದೆ. ಕಾರ್ಯಪ್ಪ, ತಿಮ್ಮಯ್ಯನವರ ಊರಿನಲ್ಲಿ ಹುಟ್ಟಿದ ಗಂಡುಮಕ್ಕಳಿಗೆ ನೋವನ್ನು ತಡೆದುಕೊಳ್ಳುವುದನ್ನು ಚಿಕ್ಕಂದಿನಲ್ಲೇ ಕಲಿಸುತ್ತೇವೆ, ಹೇಳಿಕೊಳ್ಳುವುದನ್ನು ಕಲಿಸುವುದಿಲ್ಲ. ಆದರೆ ಹುಡುಗಾಟಕ್ಕೂ ನೀವು ಬರೆದಿರುವುದಕ್ಕೂ ವ್ಯತ್ಯಾಸವಿದೆ. ಈ ವಯಸ್ಸಿನ ಖಿನ್ನತೆ ಅಳುವಿನ ರೂಪದಲ್ಲಿ ಬರುವುದಕ್ಕಿಂತ ಹೆಚ್ಚಾಗಿ ಸಿಡುಕಿನ ರೂಪದಲ್ಲಿ ಬರುತ್ತದೆ. ಅದಕ್ಕೇ ದೊಡ್ಡವರು ಅದನ್ನು ಅಹಂಕಾರ ಎಂದುಕೊಳ್ಳುತ್ತಾರೆ. ನಿದ್ದೆ ಹೋಗಿದೆ. ಇಷ್ಟಪಟ್ಟ ಆಟ ಬಿಟ್ಟಿದ್ದಾನೆ. ಪ್ರಾಣಕ್ಕೆ ಪ್ರಾಣವಾಗಿದ್ದ ವಸ್ತುವನ್ನು ಕೊಟ್ಟಿದ್ದಾನೆ. ತಾನಿಲ್ಲದಿದ್ದರೆ ನಿಮಗೆ ಒಳ್ಳೆಯದು ಎಂಬರ್ಥದ ಮಾತಾಡಿದ್ದಾನೆ. ಒಂದೊಂದನ್ನೇ ತೆಗೆದುಕೊಂಡರೆ ಹೇಗೋ ಏನೋ, ನಾಲ್ಕೂ ಕೆಲವೇ ವಾರಗಳಲ್ಲಿ ಕೂಡಿ ಬಂದಿವೆ. ‘ಹೇಳುವವರು ಮಾಡಿಕೊಳ್ಳುವುದಿಲ್ಲ’ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅದು ಸುಳ್ಳು. ಮಾಡಿಕೊಂಡವರಲ್ಲಿ ಬಹಳ ಮಂದಿ ಮೊದಲು ಯಾರಿಗೋ ಹೇಗೋ ಹೇಳಿಯೇ ಇರುತ್ತಾರೆ. ‘ಗಮನ ಸೆಳೆಯಲು ಹೀಗೆ ಆಡುತ್ತಾನೆ’ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಗಮನ ಬೇಕಾಗಿದೆ, ಕೊಡಿ.

ಕಾರಣ ಏನು ಎಂದು ನೀವು ಹುಡುಕುತ್ತಿರುತ್ತೀರಿ. ಪತ್ರಿಕೆಗಳಲ್ಲಿ ಒಂದು ಸಾಲಿನ ಕಾರಣ ಬರುತ್ತದೆ: ಮೊಬೈಲ್ ಕೊಡಿಸಲಿಲ್ಲವೆಂದು, ಅಂಕ ಕಡಿಮೆ ಬಂತೆಂದು, ತಾಯಿ ಗದರಿದರೆಂದು. ಆ ಸಾಲನ್ನು ಓದಿದ ತಾಯಂದಿರು ಜನ್ಮವಿಡೀ ಅದನ್ನು ಹೊತ್ತುಕೊಂಡಿರುವುದನ್ನು ನಾನು ನೋಡಿದ್ದೇನೆ, ನೋಡಲಾಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡದ ಬರೆ ಜರಿದದ್ದು ನಿಮಗೂ ನೆನಪಿದೆ. ಅದು ಜರಿದ ದಿನ ಬಿದ್ದ ಮಳೆಯೊಂದರಿಂದಲೇ ಜರಿಯಿತೇ? ವಾರಗಟ್ಟಲೆ ನೀರು ಕುಡಿದು ಮಣ್ಣು ಭಾರವಾಗಿತ್ತು. ಇಳಿಜಾರನ್ನು ಕಡಿದಿದ್ದರು. ಕೊನೆಯ ಮಳೆ ನೆಪವಾಯಿತು. ಮಕ್ಕಳ ವಿಷಯವೂ ಹೀಗೆಯೇ. ಗದರಿದ ಮಾತು, ಕೆಟ್ಟ ಫಲಿತಾಂಶ, ಮುರಿದ ಪ್ರೀತಿ, ಇವು ಕೊನೆಯ ಮಳೆ. ನಾವು ನೋಡಬೇಕಾದದ್ದು ಒಳಗೆ ನೆನೆದ ಮಣ್ಣನ್ನು.

ನಿಮ್ಮ ಮಗನ ವಿಷಯದಲ್ಲಿ ಪತ್ರದಿಂದಲೇ ಕೆಲವು ಕಾಣುತ್ತವೆ. ಮನೆಯ ವಾತಾವರಣದಿಂದ, ಕಾಡು ತೋಟದಿಂದ, ಗೊತ್ತಿರುವ ಮುಖಗಳಿಂದ ಒಮ್ಮೆಲೇ ಹಾಸ್ಟೆಲ್ ಕೋಣೆಗೆ ಹೋಗಿದ್ದಾನೆ. ಊರಿನ ಶಾಲೆಯಲ್ಲಿ ಮೊದಲಿಗನಾಗಿದ್ದವನು ಅಲ್ಲಿ ಎಲ್ಲರೂ ಮೊದಲಿಗರೇ ಇರುವ ತರಗತಿಯಲ್ಲಿ ಕುಳಿತಿದ್ದಾನೆ. ಫೀಸು ತೋಟದ ಆದಾಯಕ್ಕೆ ಮೀರಿದ್ದೆಂದು ಅವನಿಗೆ ಗೊತ್ತು. ಕಾಫಿ ಕೊಯ್ಲಿನ ಲೆಕ್ಕ ಕೇಳುತ್ತ ಬೆಳೆದ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸಹಪಾಠಿಯೊಬ್ಬಳನ್ನು ಕಳೆದುಕೊಂಡಿದ್ದಾನೆ. ಹರೆಯದಲ್ಲಿ ಗೆಳೆಯರಲ್ಲಿ ಒಬ್ಬರು ಹೀಗೆ ಹೋದರೆ ಉಳಿದವರಿಗೂ ಆ ದಾರಿ ಹತ್ತಿರವಾಗಿ ಕಾಣುತ್ತದೆ. ಆಕೆಯ ಬಗ್ಗೆ ಅವನೊಡನೆ ಯಾರಾದರೂ ಕೂತು ಮಾತಾಡಿದ್ದಾರೆಯೇ? ಪತ್ರದಲ್ಲಿ ಕಾಣದ ಕೆಲವನ್ನು ನೀವು ಮೆಲ್ಲಗೆ ತಿಳಿದುಕೊಳ್ಳಬೇಕು: ಹಾಸ್ಟೆಲ್‌ನಲ್ಲಿ ಪೀಡಿಸುತ್ತಿದ್ದಾರೆಯೇ, ಯಾರಾದರೂ ಮೈ ಮುಟ್ಟಿ ತೊಂದರೆ ಕೊಟ್ಟಿದ್ದಾರೆಯೇ (ಗಂಡುಮಕ್ಕಳಿಗೂ ಆಗುತ್ತದೆ, ಅವರು ಇನ್ನೂ ಕಡಿಮೆ ಹೇಳುತ್ತಾರೆ), ಮೊಬೈಲ್‌ನ ಆಟದಲ್ಲಿ ದುಡ್ಡು ಕಳೆದಿದ್ದಾನೆಯೇ, ಪ್ರೀತಿಯ ವಿಷಯವೇ, ಕುಡಿತ ಶುರುವಾಗಿದೆಯೇ. ನಮ್ಮ ಮದುವೆ ಹಬ್ಬಗಳಲ್ಲಿ ಮದ್ಯ ಗುಟ್ಟಿನ ವಸ್ತುವಲ್ಲ, ಆದ್ದರಿಂದ ಹದಿನಾರರ ಹುಡುಗನ ಕೈಗೆ ಅದು ಬಂದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಕುಗ್ಗಿದ ಮನಸ್ಸಿಗೆ ಕುಡಿತ ಸೇರಿದರೆ ತಡೆಯುವ ವಿವೇಕ ಸಡಿಲಾಗುತ್ತದೆ.

ವಂಶದ ಪ್ರಶ್ನೆ. ಕುಟುಂಬದಲ್ಲಿ ಹಿಂದೆ ಯಾರಾದರೂ ಹೀಗೆ ತೀರಿಕೊಂಡಿದ್ದರೆ ಅಪಾಯ ಸ್ವಲ್ಪ ಹೆಚ್ಚು, ನಿಜ. ರಕ್ತದಲ್ಲಿ ಬರುವುದು ಸಾವಲ್ಲ. ಖಿನ್ನತೆಗೆ ಬೇಗ ಒಳಗಾಗುವ, ದುಡುಕುವ ಸ್ವಭಾವ ಬರಬಹುದು. ಸಕ್ಕರೆ ಕಾಯಿಲೆ ಮನೆತನದಲ್ಲಿದ್ದರೆ ಮೊದಲೇ ಪರೀಕ್ಷೆ ಮಾಡಿಸುವುದಿಲ್ಲವೇ, ಹಾಗೆ ಇಲ್ಲಿಯೂ ಬೇಗ ಎಚ್ಚರವಾಗಬೇಕು. ಚಿಕ್ಕಪ್ಪನ ಸಾವನ್ನು ಮನೆಯಲ್ಲಿ ಮುಚ್ಚಿಟ್ಟಿದ್ದೀರಿ. ನಿಮ್ಮ ಮಗನಿಗೆ ಅದು ಗೊತ್ತಿಲ್ಲ ಎಂದುಕೊಳ್ಳಬೇಡಿ. ಗೊತ್ತಿರುತ್ತದೆ. ಅದರ ಜೊತೆಗೆ, ಈ ಮನೆಯಲ್ಲಿ ಇದನ್ನು ಮಾತಾಡಬಾರದು ಎಂಬುದೂ ಗೊತ್ತಿರುತ್ತದೆ.

ಇನ್ನು ನನ್ನ ಪತ್ರದ ಮುಖ್ಯ ಮಾತು. ಇವತ್ತು ಸಂಜೆಯೊಳಗೆ ಮಾಡಬೇಕಾದದ್ದು. ನಿಮ್ಮ ಮನೆಯಲ್ಲಿ ಕೋವಿ ಇದ್ದೀತು. ತೋಟಕ್ಕೆ ಹೊಡೆಯುವ ಮದ್ದಂತೂ ಇದ್ದೇ ಇರುತ್ತದೆ. ಇವೆರಡೂ ಅವನ ಕೈಗೆ ಸಿಗದ ಹಾಗೆ ಮಾಡಿ.

ಕೋವಿಯ ಬಗ್ಗೆ ಕೊಡವರ ಮನೆಯಲ್ಲಿ ಮಾತಾಡುವುದು ಸುಲಭವಲ್ಲ. ಆಯುಧಗಳ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಅದಕ್ಕೆ ತೋಕ್‌ಪೂ ಎಂಬ ಹೂವಿಟ್ಟು ಪೂಜಿಸುತ್ತೇವೆ, ಗಂಡುಮಗು ಹುಟ್ಟಿದಾಗ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುತ್ತೇವೆ. ಅದನ್ನು ಮನೆಯಿಂದ ಸ್ವಲ್ಪ ದಿನ ದೂರ ಇಡಿ ಎಂದರೆ ಹಿರಿಯರಿಗೆ ಅವಮಾನವಾದಂತೆ ಅನ್ನಿಸುತ್ತದೆ. ಆದರೂ ಹೇಳುತ್ತೇನೆ. ಹರೆಯದ ಮಿದುಳಿನಲ್ಲಿ ಭಾವನೆಯ ಭಾಗ ಬೇಗ ಬಲಿಯುತ್ತದೆ, ತಡೆದು ಯೋಚಿಸುವ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಸಾಯಬೇಕು ಎಂಬ ತೀವ್ರತೆ ಅಲೆಯಂತೆ ಬರುತ್ತದೆ, ಏರುತ್ತದೆ, ಇಳಿಯುತ್ತದೆ. ಎಷ್ಟೋ ಮಂದಿಯಲ್ಲಿ ತೀರ್ಮಾನಕ್ಕೂ ಕೃತ್ಯಕ್ಕೂ ನಡುವೆ ಒಂದು ಗಂಟೆಯೂ ಇರುವುದಿಲ್ಲ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಅಲೆ ದಾಟಿಹೋಗುತ್ತದೆ. ‘ಒಂದು ದಾರಿ ಮುಚ್ಚಿದರೆ ಇನ್ನೊಂದು ಹುಡುಕುತ್ತಾರೆ’ ಎಂದು ಜನ ಹೇಳುತ್ತಾರೆ. ಹೆಚ್ಚಿನವರು ಹುಡುಕುವುದಿಲ್ಲ. ಪ್ರಯತ್ನಿಸಿ ಬದುಕುಳಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮುಂದೆಂದೂ ಆತ್ಮಹತ್ಯೆಯಿಂದ ಸಾಯುವುದಿಲ್ಲ. ನೆರೆಯ ಶ್ರೀಲಂಕಾದಲ್ಲಿ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1995ರಲ್ಲಿದ್ದ ಆತ್ಮಹತ್ಯೆಯ ಪ್ರಮಾಣ ಎರಡು ದಶಕಗಳಲ್ಲಿ ಶೇ 70ರಷ್ಟು ಇಳಿಯಿತು. ಅಲ್ಲಿನವರ ಕಷ್ಟಗಳೇನೂ ಶೇ 70ರಷ್ಟು ಇಳಿದಿರಲಿಲ್ಲ.

ಆದ್ದರಿಂದ ಕೋವಿಯನ್ನು ಕಾನೂನಿನ ಪ್ರಕಾರ ಬೇರೆಡೆ ಇಡುವುದು ಹೇಗೆಂದು ಠಾಣೆಯಲ್ಲಿ ವಿಚಾರಿಸಿ, ಕೆಲವು ತಿಂಗಳು ಮನೆಯಿಂದ ಹೊರಗಿಡಿ. ಅಲ್ಲಿಯವರೆಗೆ ಕೋವಿ ಒಂದು ಕಡೆ, ಗುಂಡು ಇನ್ನೊಂದು ಕಡೆ, ಎರಡಕ್ಕೂ ಬೀಗ, ಬೀಗದ ಕೈ ಯಜಮಾನರ ಸೊಂಟದಲ್ಲಿ. ಬಾಗಿಲ ಮೇಲಿನ ಮೊಳೆಗೆ ನೇತುಹಾಕುವ ಬೀಗದ ಕೈ ಮಕ್ಕಳಿಗೆ ಐದನೇ ವಯಸ್ಸಿನಿಂದ ಗೊತ್ತು. ಮದ್ದಿನ ಡಬ್ಬಗಳನ್ನು ಗೋದಾಮಿನಲ್ಲಿಟ್ಟು ಬೀಗ ಹಾಕಿ, ಅರ್ಧ ಉಳಿದದ್ದನ್ನು ಅಡುಗೆಮನೆಯ ಹಿಂದೆ, ಸ್ನಾನದ ಮನೆಯ ಅಟ್ಟದಲ್ಲಿ ಇಡುವ ರೂಢಿ ಬಿಡಿ. ಅಜ್ಜ ಅಜ್ಜಿಯ ಮಾತ್ರೆಗಳೂ ನಿಮ್ಮ ಹತ್ತಿರವೇ ಇರಲಿ. ಲೈನ್ ಮನೆಗಳಿಗೂ ಇದೇ ಮಾತು. ತೋಟದ ಕೆಲಸದವರ ಮಕ್ಕಳಿಗೆ ಈ ಡಬ್ಬಗಳು ಇನ್ನೂ ಹತ್ತಿರ, ಡಾಕ್ಟರು ಇನ್ನೂ ದೂರ. ಅವರ ಮಕ್ಕಳ ಮೇಲೂ ಒಂದು ಕಣ್ಣಿರಲಿ ಎಂದು ತೋಟದ ಮಾಲೀಕರೆಲ್ಲರನ್ನೂ ಕೇಳಿಕೊಳ್ಳುತ್ತೇನೆ.

ಚಿಕಿತ್ಸೆಯ ದಾರಿಗಳು ಹಲವಿವೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ, ಅಂದರೆ ಈಗಿನ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಗೊತ್ತಾಗುತ್ತದೆ. ಅಲ್ಲಿಯವರೆಗೆ 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಮಗನೇ ಮಾಡಬಹುದು, ನೀವೂ ಮಾಡಬಹುದು. 18 ತುಂಬದ ಮಕ್ಕಳಿಗೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಗಾಳಿ ಮಳೆಗೆ ಕರೆಂಟು ಹೋಗಿ ನೆಟ್‌ವರ್ಕ್ ಸಿಗದ ಊರು ನಿಮ್ಮದಾದರೆ, ರಾತ್ರಿ ಹೊತ್ತು ಯಾರ ಜೀಪು ತಕ್ಷಣ ಹೊರಡುತ್ತದೆ ಎಂಬುದನ್ನು ಈಗಲೇ ಮಾತಾಡಿಟ್ಟುಕೊಳ್ಳಿ.

ಮಾತಿನ ಚಿಕಿತ್ಸೆ ಒಳ್ಳೆಯದು, ಆದರೆ ವಾರಕ್ಕೊಮ್ಮೆಯಂತೆ ಕೆಲವು ತಿಂಗಳು ಹೋಗಬೇಕು. ಎರಡು ಸಲ ಹೋಗಿ ‘ಏನೂ ಆಗಲಿಲ್ಲ’ ಎಂದು ಬಿಡುವವರೇ ಜಾಸ್ತಿ. ಖಿನ್ನತೆ ತೀವ್ರವಾಗಿದ್ದರೆ ಮಾತ್ರೆ ಬೇಕಾಗುತ್ತದೆ. ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಫ್ಲೂಆಕ್ಸೆಟಿನ್‌ನಿಂದ ಶುರು ಮಾಡುತ್ತೇವೆ. ಅದರ ಬಗ್ಗೆ ಮುಚ್ಚುಮರೆ ಬೇಡ: 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಮಾತ್ರೆಗಳ ಮೇಲೆ ಎಚ್ಚರಿಕೆ ಮುದ್ರಿಸಬೇಕೆಂದಿತು. ಮಕ್ಕಳ ಮೇಲಿನ ಪ್ರಯೋಗಗಳಲ್ಲಿ ಮಾತ್ರೆ ತೆಗೆದುಕೊಂಡ ನೂರರಲ್ಲಿ ನಾಲ್ವರಿಗೆ, ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡ ನೂರರಲ್ಲಿ ಇಬ್ಬರಿಗೆ ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆ ಕಂಡಿತ್ತು. ಆ ಪ್ರಯೋಗಗಳಲ್ಲಿ ಯಾರೂ ಸತ್ತಿರಲಿಲ್ಲ. ಹಾಗಾಗಿ ಮೊದಲ ಕೆಲವು ವಾರ ಕಣ್ಣಿಟ್ಟು ನೋಡಬೇಕು, ಚಡಪಡಿಕೆ ಹೆಚ್ಚಿದರೆ ಡಾಕ್ಟರಿಗೆ ತಿಳಿಸಬೇಕು, ಮಾತ್ರೆಯ ಸ್ಟ್ರಿಪ್ ನಿಮ್ಮ ಕೈಯಲ್ಲಿರಬೇಕು, ಗುಣ ಕಂಡಿತೆಂದು ತಟ್ಟನೆ ನಿಲ್ಲಿಸಬಾರದು. ಇಷ್ಟು ಎಚ್ಚರವಿದ್ದರೆ ತೀವ್ರ ಖಿನ್ನತೆಗೆ ಮಾತ್ರೆಯ ಲಾಭ ಅಪಾಯಕ್ಕಿಂತ ದೊಡ್ಡದು. ಇಗ್ಗುತ್ತಪ್ಪನಿಗೆ ಹರಕೆ ಹೊರುವುದಿದ್ದರೆ ಹೊತ್ತುಕೊಳ್ಳಿ, ಅವನಿಗೆ ಇಷ್ಟವಿದ್ದರೆ ಕರೆದುಕೊಂಡೂ ಹೋಗಿ. ಹರಕೆ ತೀರಿಸುವವರೆಗೆ ಡಾಕ್ಟರ ಬಳಿ ಹೋಗುವುದನ್ನು ಮಾತ್ರ ಮುಂದೂಡಬೇಡಿ.

ಸೇನೆಯ ವಿಷಯ. ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ರೋಗಿಯ ಹಕ್ಕು. ಯೋಚನೆ ಬರುತ್ತಿದೆ ಎಂದು ಡಾಕ್ಟರಿಗೆ ಹೇಳಿಕೊಂಡವರ ಮೇಲೆ ಕೇಸೂ ಆಗುವುದಿಲ್ಲ. ಸೇನೆಯ ವೈದ್ಯಕೀಯ ಪರೀಕ್ಷೆಯಲ್ಲಿ ಮನಸ್ಸಿನ ಆರೋಗ್ಯವನ್ನೂ ನೋಡುತ್ತಾರೆ, ಆದ್ದರಿಂದ ಯಾವ ಅಡ್ಡಿಯೂ ಆಗದು ಎಂದು ನಾನು ಮಾತು ಕೊಡಲಾರೆ. ಆದರೆ ಚಿಕಿತ್ಸೆ ಮಾಡಿಸದೆ ಉಳಿದ ಖಿನ್ನತೆ ಅದಕ್ಕಿಂತ ದೊಡ್ಡ ಅಡ್ಡಿ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 1,70,924 ಮಂದಿಯಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಅವರಲ್ಲಿ ಎಷ್ಟು ಮಂದಿಗೆ ಏನೇನು ಆಗುವ ಆಸೆಯಿತ್ತೋ.

ಸೋಮವಾರ ಅವನನ್ನು ಕಳಿಸಬೇಡಿ. ಇದು ನನ್ನ ಸ್ಪಷ್ಟ ಅಭಿಪ್ರಾಯ. ಮೊದಲು ಡಾಕ್ಟರು ನೋಡಲಿ, ಒಂದೆರಡು ವಾರ ಮನೆಯಲ್ಲಿರಲಿ, ವೈದ್ಯಕೀಯ ಸರ್ಟಿಫಿಕೇಟ್ ಕೊಟ್ಟರೆ ಹಾಜರಾತಿಯ ಬಗ್ಗೆ ಕಾಲೇಜಿನವರೊಂದಿಗೆ ಮಾತಾಡಬಹುದು. ಹಾಗೆಂದು ನೀವೇ ನಿರ್ಧರಿಸಿ ಹಾಸ್ಟೆಲ್ ಬಿಡಿಸಿ ತೋಟದ ಕೆಲಸಕ್ಕೆ ಹಚ್ಚಬೇಡಿ. ತಾನು ಸೋತೆ ಎಂಬ ಮುದ್ರೆ ಬಿದ್ದ ಹಾಗಾಗುತ್ತದೆ. ವಾಪಸ್ ಹೋಗುವುದೇ, ಹತ್ತಿರದ ಕಾಲೇಜಿಗೆ ಬರುವುದೇ, ಸೈನ್ಸ್ ಬಿಟ್ಟು ಕಾಮರ್ಸ್ ಹಿಡಿಯುವುದೇ, ಮೂರನ್ನೂ ಅವನ ಮುಂದಿಡಿ. ಎರಡನೇ ಪಿಯುಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಲು ಅವಕಾಶವಿದೆ ಎಂಬುದನ್ನೂ ಹೇಳಿ, ಒಂದು ಪರೀಕ್ಷೆ ಹೋದರೆ ವರ್ಷವೇ ಹೋಗುತ್ತಿದ್ದ ಕಾಲ ಮುಗಿಯಿತು. ವಾಪಸ್ ಹೋಗುವುದಾದರೆ ವಾರ್ಡನ್‌ಗೂ ಅವನಿಗೆ ನಂಬಿಕೆಯಿರುವ ಒಬ್ಬ ಮೇಷ್ಟರಿಗೂ, ಅವನಿಗೆ ತಿಳಿಸಿಯೇ, ವಿಷಯ ಹೇಳಿ. ದಿನಾ ರಾತ್ರಿ ಫೋನ್ ಮಾಡಿ. ಅಂಕ ಕೇಳಬೇಡಿ, ನಿದ್ದೆ ಬಂತಾ, ಯಾರ ಜೊತೆ ಊಟ ಮಾಡಿದೆ ಅಂತ ಕೇಳಿ. ಎರಡು ವಾರ ಬಿಟ್ಟು ಇದ್ದಕ್ಕಿದ್ದಂತೆ ತೀರಾ ಶಾಂತನಾಗಿ, ಎಲ್ಲರಿಗೂ ಒಳ್ಳೆಯವನಾಗಿಬಿಟ್ಟರೆ ಅದನ್ನು ಗುಣವಾಯಿತೆಂದು ತಿಳಿಯಬೇಡಿ, ಅವತ್ತೇ ಇನ್ನೊಮ್ಮೆ ನೇರವಾಗಿ ಕೇಳಿ.

ಹಾಕಿ ಸ್ಟಿಕ್ಕನ್ನು ಈಗಲೇ ಹಿಂದಕ್ಕೆ ತರಿಸಬೇಡಿ. ಯಾಕೆ ಕೊಟ್ಟೆ ಎಂದು ಸಿಟ್ಟಿಲ್ಲದೆ ಕೇಳಿ, ಬಹುಶಃ ನಿಮ್ಮ ಮಾತು ಅಲ್ಲಿಂದಲೇ ಶುರುವಾದೀತು. ಮೈದುನನ ಮಗನಿಗೆ ಅದನ್ನು ಜೋಪಾನವಾಗಿಡಲು ಹೇಳಿ. ನಿಮ್ಮ ಮಗ ಒಂದು ದಿನ ತಾನಾಗಿಯೇ ‘ಅದು ಎಲ್ಲಿದೆ’ ಅಂದಾಗ ತಂದುಕೊಡಿ. ಡಾಕ್ಟರನ್ನು ಕಂಡ ಮೇಲೆ ನನಗೂ ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.